ಮೊದಲ ಗಿರಾಕಿ ನಮ್ಮವರೇ

ಬಾಣಲೆ ಅಕ್ಕನ ಎಡಗೈಯ ಮಣಿಕಟ್ಟು ನೆಟ್ಟಗೆ ನಿಲ್ಲುವುದಿಲ್ಲ. ಬಾಣಲೆ ಎತ್ತಿ ತೋರಿಸುವಾಗಲೂ ಅದು ಒಳಮುಖವಾಗಿ ಮಡಚಿಕೊಂಡೇ ಇರುತ್ತದೆ. ಅವಳ ಜೊತೆ ಮನೆ ಮನೆಗೆ ಪಾತ್ರೆ ಮಾರಲು ಬರುವ ಕಾಲೇಜಿನ ಮಕ್ಕಳು ಅದನ್ನು ವ್ಯಾಪಾರದ ಒಂದು ಪಟ್ಟು ಎಂದುಕೊಂಡು ತಾವೂ ಹಾಗೇ ಕೈ ಮಡಚಿ ಹಿಡಿಯುವುದನ್ನು ಕಲಿಯುತ್ತಿದ್ದರು. ಅಕ್ಕ ಬಿಡಿಸಿ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಅಡುಗೆಗೆ ಉಪ್ಪು ಜಾಸ್ತಿಯಾಯಿತೆಂದು, ಲಾರಿ ಓಡಿಸುವ ಗಂಡ ಆ ಕೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ್ದ. ಅವನ ತಾಯಿ ಆ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿ ಖಾಲಿ ಬಕೆಟ್ಟಿಗೆ ನೀರು ಬಿಟ್ಟಿದ್ದಳು. ಬಕೆಟ್ಟು ತುಂಬುವ ಸದ್ದಿನಲ್ಲಿ ಒಳಗಿನ ಸದ್ದು ಕೇಳಿಸುತ್ತಿರಲಿಲ್ಲ. ಮಗ ಕೈ ಎತ್ತಿದಾಗೆಲ್ಲ ಆ ಮನೆಯಲ್ಲಿ ಬಕೆಟ್ಟು ತುಂಬುತ್ತಿತ್ತು.

ಪಾತ್ರೆ ಮಾರುವ ಹೆಂಗಸೊಬ್ಬಳು ಆ ಮನೆಯ ಬಾಗಿಲು ತಟ್ಟಿದ್ದು ಅಂಥದೇ ಒಂದು ದಿನದ ಮಾರನೇ ಬೆಳಿಗ್ಗೆ. ಅಕ್ಕನ ಕಣ್ಣು ಬಾತು ಮುಚ್ಚಿತ್ತು. ಆ ಹೆಂಗಸು ಕಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಒಲೆ ಹಚ್ಚಿ, ಎಣ್ಣೆ ಹಾಕದೆ ಬಾಣಲೆಗೆ ಮೊಟ್ಟೆ ಒಡೆದು, ಅದು ಎಲೆಯ ಹಾಗೆ ಜಾರುವುದನ್ನು ತೋರಿಸಿ, ಹೊರಡುವಾಗ ಮಾತ್ರ, ನೀನೂ ಮಾರ್ತೀಯಾ ಎಂದು ಕೇಳಿದಳು. ಯಾರಿಗೆ ಮಾರಲಿ ಎಂದದ್ದಕ್ಕೆ, ಮೊದಲು ನಿನ್ನವರಿಗೆ ಮಾರು, ನಮ್ಮವರು ಬೈದರೂ ಕೊಳ್ಳುತ್ತಾರೆ ಎಂದಳು. ಅಕ್ಕ ತನ್ನ ಒಡಹುಟ್ಟಿದ ದೊಡ್ಡಕ್ಕನ ಮನೆಗೆ ಹೋದಳು. ದೊಡ್ಡಕ್ಕ ಬಾಣಲೆಯನ್ನು ನೋಡಲೇ ಇಲ್ಲ. ತಂಗಿಯ ಮುಖ ನೋಡಿ ಬಾಣಲೆ ಕೊಂಡಳು. ಆಮೇಲೆ ಹಿಡಿ ಸಡಿಲವಾಗಿದೆ, ಮುಚ್ಚಳ ಕೂರುತ್ತಿಲ್ಲ ಎಂದು ಇಲ್ಲದ ದೂರು ಹೊತ್ತು ವಾರ ವಾರವೂ ಬರತೊಡಗಿದಳು. ತನ್ನ ಗಂಡನನ್ನು ಕರಕೊಂಡು ಬಂದು ಜಗಲಿಯ ಮೇಲೆ ಕೂರಿಸಿದಳು. ನೋಡುವ ಕಣ್ಣುಗಳಿದ್ದ ಮನೆಯಲ್ಲಿ ಲಾರಿಯವನ ಕೈ ತಗ್ಗಿತು. ಕೆಲವು ವರ್ಷಗಳ ಮೇಲೆ ಅವನು ಲಾರಿ ನಿಲ್ದಾಣದಲ್ಲಿ ಯಾರನ್ನೋ ಹೊಡೆಯಲು ಹೋದ. ಆ ಯಾರೋ ಕಬ್ಬಿಣದ ಸಲಾಕೆ ಹಿಡಿದಿದ್ದ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡ. ಅತ್ತೆ ಸೊಸೆಯ ಬಳಿಯೇ ಉಳಿದಳು.

ಹೀಗೆ ಅಕ್ಕನ ಮನೆಯಲ್ಲಿ ಒಂದು ನಿಯಮ ಬೇರೂರಿತು. ಹೊಸದಾಗಿ ಸೇರಿದವರು ಮೊದಲ ಬಾಣಲೆಯನ್ನು ಸ್ವಂತದವರಿಗೇ ಮಾರಬೇಕು. ಅಪರಿಚಿತರ ಬಾಗಿಲು ಆಮೇಲೆ.

ಕಾಲೇಜು ಅವಳ ಬೀದಿಯ ಕೊನೆಯಲ್ಲಿತ್ತು. ಅದರ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ನೆರಳಲ್ಲಿ ನಿಂತು ಅಕ್ಕ ಮಕ್ಕಳನ್ನು ಗುರುತಿಸುತ್ತಿದ್ದಳು. ಚೂಟಿಯಾಗಿ ಮಾತಾಡುವವರನ್ನು ಅವಳು ಆರಿಸುತ್ತಿರಲಿಲ್ಲ. ಅಂಗಡಿಯವನ ಬಳಿ ಒಂದು ಪುಟ ಕಡಿಮೆ ಮಾಡಿಸಲು ಬೆರಳಲ್ಲಿ ಎಣಿಸಿ ನೋಡುವವರು, ಕ್ಯಾಂಟೀನಿನ ಎದುರು ಹಾದುಹೋಗುವಾಗ ಆ ಕಡೆ ತಿರುಗದವರು, ಅಂಥವರ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದಳು. ದುಡ್ಡು ಸುರಿಯುತ್ತದೆ ಎಂದು ಯಾರಿಗೂ ಹೇಳಿದವಳಲ್ಲ. ಸುರಿಯುವುದು ಬೈಗುಳ, ಅದರ ನಡುವೆ ಒಂದೊಂದು ಬಾಣಲೆ ಹೋಗುತ್ತದೆ, ತರಗತಿ ತಪ್ಪಿಸಿ ಬರಬೇಡಿ, ಹಸಿದು ಬರಬೇಡಿ ಎನ್ನುತ್ತಿದ್ದಳು. ಬಂದವರ ಹೆಸರು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಓದುವ ವಿಷಯದಿಂದಲೇ ಕರೆಯುತ್ತಿದ್ದಳು. ಇತಿಹಾಸ ಯಾಕೆ ಇನ್ನೂ ಬಂದಿಲ್ಲ ಎಂದು ಅವಳು ಕೇಳಿದರೆ, ರಸಾಯನ ಎಂಬ ಹುಡುಗಿ, ಇತಿಹಾಸ ಯಾವತ್ತು ಮುಂದೆ ಬಂದಿದೆ ಅಕ್ಕ, ಅದು ಹಿಂದೆ ಇರೋದೇ ಎನ್ನುತ್ತಿದ್ದಳು. ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತ ಅತ್ತೆ, ಈ ಮನೇಲಿ ಎಲ್ಲ ವಿಷಯಾನೂ ಇದೆ, ಬುದ್ಧಿ ಒಂದು ಬಿಟ್ಟು ಎಂದು ಗೊಣಗುತ್ತಿದ್ದಳು.

ಬೈಗುಳವಷ್ಟೇ ಸುರಿಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಒಬ್ಬಾಕೆ ಮೇಲಿನ ಮಹಡಿಯಿಂದ ಕುದಿನೀರು ಎರಚಿದ್ದಳು. ಒಬ್ಬ ಹುಡುಗನ ಬೆನ್ನ ಚರ್ಮ ಅಂಗಿಯ ಜೊತೆ ಎದ್ದು ಬಂತು. ಒಬ್ಬ ಮುದುಕ ಮೋಜಿಗೆಂದೇ ನಾಯಿ ಬಿಟ್ಟ. ಒಂದು ಮನೆಯ ಗಂಡಸು ರಸಾಯನ ಒಳಗೆ ಕಾಲಿಟ್ಟ ಕೂಡಲೇ ಚಿಲಕ ಹಾಕಿಕೊಂಡ. ಹೊರಗಿದ್ದ ಇತಿಹಾಸ ಬಾಗಿಲನ್ನು ಒದ್ದು ಒದ್ದು ಕೀಲು ಕಿತ್ತ. ಮಾರನೇ ದಿನ ಅಕ್ಕ ಆ ಮನೆಗೆ ಹೋಗಿ, ಬಾಗಿಲು ತೆರೆದವನ ಬಾಯಿಗೆ ಚಪ್ಪಲಿಯಲ್ಲಿ ಹೊಡೆದಳು. ತುಟಿ ಸೀಳಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಕೊನೆಗೆ ಎತ್ತಿದ ಕೈಯನ್ನು ತಾನೇ ನೋಡಿ ಇಳಿಸಿದಳು. ಮನೆಗೆ ಬಂದು ದೇವರ ಮುಂದೆ ಕೂತವಳು ದೀಪ ಹಚ್ಚಲು ಹಿಂಜರಿದಳು. ಹೊಡೆಯುವಾಗ ಅವಳಿಗೆ ಹಿತವಾಗಿತ್ತು. ಅದೇ ಅವಳನ್ನು ಹೆದರಿಸಿದ್ದು.

ಗಣಿತ ಬಂದದ್ದು ಆ ವರ್ಷ. ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬನ್ನನ್ನು ಸರಿಯಾಗಿ ಅರ್ಧ ಮಾಡಿ, ಒಂದರ್ಧ ತಿಂದು ಇನ್ನೊಂದರ್ಧವನ್ನು ಕಾಗದದಲ್ಲಿ ಸುತ್ತುತ್ತಿದ್ದ ಹುಡುಗಿ. ಬಾಣಲೆ ಮಾರ್ತೀಯಾ ಎಂದು ಅಕ್ಕ ಕೇಳಿದಾಗ, ನಂಗೆ ಮಾತಾಡೋಕೆ ಬರಲ್ಲ ಎಂದಳು.

"ಮಾತಾಡೋದು ಮೊಟ್ಟೆ ಕಣೇ. ನೀನು ಉರಿ ನೋಡ್ಕೊಂಡ್ರೆ ಸಾಕು."

ಉರಿ ನೋಡಿಕೊಳ್ಳುವುದನ್ನು ಹುಡುಗಿ ಬೇಗ ಕಲಿತಳು. ಒಲೆಯ ಮುಂದೆ ಅವಳ ಕೈ ಅಲುಗುತ್ತಿರಲಿಲ್ಲ. ಆದರೆ ಮೊದಲ ಬಾಣಲೆಯನ್ನು ಯಾರಿಗೆ ಮಾರುತ್ತೀ ಎಂಬಲ್ಲಿಗೆ ಬಂದಾಗ, ನನಗೆ ಯಾರೂ ಇಲ್ಲ ಎಂದು ಕೂತುಬಿಟ್ಟಳು. ಅಕ್ಕ ನಕ್ಕಳು. ಇತಿಹಾಸನೂ ಮೊದಲ ದಿನ ಅನಾಥ ಅಂದಿದ್ದ, ಕೆದಕಿ ನೋಡಿದರೆ ಒಂದು ಬಸ್ಸು ತುಂಬುವಷ್ಟು ಅತ್ತೆಯರು ಹೊರಟರು ಎಂದಳು. ಎಲ್ಲರೂ ನಕ್ಕರು. ಗಣಿತ ನಗಲಿಲ್ಲ.

"ನಮ್ಮವರ ಮನೆ ಬೇಡ ಅಕ್ಕ. ಹೊರಗಿನವರದ್ದು ಎಷ್ಟು ಬೇಕಾದ್ರೂ ಕೊಡಿ. ನಾಯಿ ಇರೋ ಮನೆ ಕೊಡಿ."

ಯಾರ ಮಾತನ್ನೂ ನಡುವೆ ಕತ್ತರಿಸದೆ ಕೇಳುವವಳು ಎಂದು ಅಕ್ಕನಿಗೆ ಹೆಸರಿತ್ತು. ಕೊಳ್ಳದ ಗಿರಾಕಿಯ ಮಂಡಿನೋವಿನ ಕಥೆಯನ್ನೂ ಮುಗಿಯುವ ತನಕ ಕೇಳುತ್ತಿದ್ದಳು. ಅಂದು ಮಾತ್ರ ಅವಳು ಕೇಳಲಿಲ್ಲ. ಬಡವರ ಮನೆಯ ಹುಡುಗಿಗೆ ನೆಂಟರ ಎದುರು ನಾಚಿಕೆ ಎಂದುಕೊಂಡಳು. ನಾಚಿಕೆ ಬಿಡಿಸುವುದು ತನ್ನ ಕೆಲಸವೆಂದುಕೊಂಡಳು. ಒಂದು ವಾರ ಹಿಂದೆ ಬಿದ್ದು, ಕೊನೆಗೆ ಅವಳ ಬಾಯಿಂದ ಒಬ್ಬ ಚಿಕ್ಕಮ್ಮನ ವಿಷಯ ಹೊರಡಿಸಿದಳು. ಊರಿನ ಇನ್ನೊಂದು ತುದಿಯಲ್ಲಿ ಚಿಕ್ಕಮ್ಮ ಇದ್ದಳು. ಚಿಕ್ಕಂದಿನಲ್ಲಿ ಗಣಿತಳನ್ನು ಎತ್ತಿ ಆಡಿಸಿದವಳು.

ಚಿಕ್ಕಮ್ಮ ಬಾಗಿಲಲ್ಲೇ ಅಳಲು ಶುರು ಮಾಡಿದಳು. ಹುಡುಗಿಯ ಕೆನ್ನೆ, ಭುಜ, ಬೆನ್ನು ಎಲ್ಲ ತಡವಿದಳು, ಎಷ್ಟು ಸೊರಗಿದ್ದೀಯೇ ಎಂದಳು. ಅಡುಗೆಮನೆಯಲ್ಲಿ ಗಣಿತ ಮೊಟ್ಟೆ ಒಡೆದು ತೋರಿಸಿದಾಗ ಸೆರಗಿನಲ್ಲಿ ಕಣ್ಣೊರೆಸುತ್ತ ಅತಿ ದೊಡ್ಡ ಬಾಣಲೆಯನ್ನೇ ಕೊಂಡಳು. ಅಕ್ಕನ ಎದೆ ತುಂಬಿ ಬಂತು. ತನ್ನ ದೊಡ್ಡಕ್ಕನೇ ಎದುರಿಗೆ ಕೂತ ಹಾಗೆ ಕಂಡಿತು. ಆ ಸಂತೋಷದಲ್ಲೇ ಅವಳು ರೂಢಿಯ ಮಾತು ಆಡಿದಳು. ಪ್ರತಿ ಶನಿವಾರ ಮಧ್ಯಾಹ್ನ ತನ್ನ ಮನೆಯಲ್ಲಿ ಮಕ್ಕಳೆಲ್ಲ ಸೇರುತ್ತಾರೆ, ಹೊಸಬರ ಮೊದಲ ಗಿರಾಕಿಯನ್ನು ಆ ದಿನ ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಈ ಶನಿವಾರ ನೀವು ಬರಲೇಬೇಕು ಎಂದಳು. ಕಾಲೇಜಿನ ಬೀದಿ, ಹಸಿರು ಗೇಟು, ಬಸ್ಸು ಇಳಿಯುವ ಜಾಗ, ಎಲ್ಲವನ್ನೂ ಬಿಡಿಸಿ ಹೇಳಿದಳು. ಪಕ್ಕದಲ್ಲಿ ಬಾಣಲೆ ಒರೆಸುತ್ತಿದ್ದ ಗಣಿತಳ ಕೈ ನಿಂತುಹೋದದ್ದನ್ನು ಅವಳು ಗಮನಿಸಲಿಲ್ಲ.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಅವಳಿಗೊಬ್ಬ ಅಣ್ಣ. ಟೈರು ಅಂಗಡಿ ಇಟ್ಟವನು. ಅಪ್ಪ ಸತ್ತ ಮೇಲೆ ಮನೆಯ ಯಜಮಾನ ಅವನೇ. ಅಂಗಡಿಯ ಪಾಲುದಾರನಿಗೆ ತಂಗಿಯನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಓದು ಮುಗಿಯಲಿ ಎಂದದ್ದಕ್ಕೆ ಪುಸ್ತಕಗಳನ್ನು ಹಳೇ ಟೈರಿನ ಬೆಂಕಿಗೆ ಹಾಕಿದ. ಮತ್ತೆ ಅದನ್ನೇ ಎಂದದ್ದಕ್ಕೆ ಟೈರಿನ ಟ್ಯೂಬು ಸೀಳಿ, ಅದರಲ್ಲೇ ಅವಳನ್ನು ಉಗ್ರಾಣದ ಕಿಟಕಿ ಸರಳಿಗೆ ಕಟ್ಟಿದ, ಅದರಲ್ಲೇ ಹೊಡೆದ. ಟ್ಯೂಬಿನ ಏಟಿಗೆ ಚರ್ಮ ಒಡೆಯುವುದಿಲ್ಲ, ಒಳಗೇ ಕೊಳೆಯುತ್ತದೆ. ಅಮ್ಮ ಒಂದು ಬೆಳಿಗ್ಗೆ ಗಂಟು ಬಿಚ್ಚಿದಳು. ಅವಳು ಓಡಿದಳು. ಎಲ್ಲಿದ್ದಾಳೆಂದು ಈ ತನಕ ಯಾರಿಗೂ ತಿಳಿದಿರಲಿಲ್ಲ.

"ಸಿಕ್ಕಿದ್ರೆ ಕಾಲು ಮುರೀತೀನಿ ಅಂದಿದ್ದಾನಂತೆ. ಅವನು ಸುಮ್ಮನೆ ಹೇಳಲ್ಲ."

ಮೊದಲೇ ಯಾಕೆ ಹೇಳಲಿಲ್ಲ ಎಂಬ ಮಾತು ಅಕ್ಕನ ನಾಲಗೆಯ ತುದಿಗೆ ಬಂದು ನಿಂತಿತು. ಹುಡುಗಿ ಹೇಳಿದ್ದಳು. ನಾಯಿ ಇರುವ ಮನೆ ಕೊಡಿ ಎಂದಿದ್ದಳು. ಕೈ ಎತ್ತುವವರು ಮನೆಯ ಒಳಗಿನವರೇ ಎಂದು ತನ್ನ ಮಣಿಕಟ್ಟಿಗೇ ಗೊತ್ತಿದ್ದೂ, ದೊಡ್ಡಕ್ಕ ಒಬ್ಬಳು ಒಳ್ಳೆಯವಳಾದಳೆಂದು ಎಲ್ಲರ ನೆಂಟರನ್ನೂ ಅವಳ ತಕ್ಕಡಿಯಲ್ಲೇ ತೂಗಿದ್ದೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಮಾರನೇ ದಿನ ಚಿಕ್ಕಮ್ಮನನ್ನು ತಡೆಯಲೆಂದು ಓಡಿದರೆ ಆ ಮನೆಗೆ ಬೀಗ. ಪಕ್ಕದ ಮನೆಯಾಕೆ, ತಮ್ಮ ಅಕ್ಕನ ಊರಿಗೆ ಹೋದ್ರು, ಕಳೆದುಹೋದ ಮಗಳು ಸಿಕ್ಕಿದ್ಳು ಅಂತ ಖುಷೀಲಿ ಹೋದ್ರು ಎಂದಳು. ಅಕ್ಕ ನೆಟ್ಟಗೆ ಪೊಲೀಸ್ ಠಾಣೆಗೆ ನಡೆದಳು. ಅಲ್ಲಿದ್ದವನು ಎಲ್ಲ ಕೇಳಿ, ಅಣ್ಣ ತಂಗೀನ ನೋಡೋಕೆ ಬರೋದನ್ನ ಅಪರಾಧ ಅಂತ ಬರೆದುಕೊಳ್ಳಲಾ, ಏನಾದ್ರೂ ಆದ್ರೆ ಬನ್ನಿ ಎಂದ.

ಶನಿವಾರದ ಸಭೆ ಬೇಡ, ನೀನು ನನ್ನ ದೊಡ್ಡಕ್ಕನ ಮನೆಗೆ ಹೋಗಿರು ಎಂದು ಅಕ್ಕ ಬೇಡಿಕೊಂಡಳು. ಗಣಿತ ಒಪ್ಪಲಿಲ್ಲ. ಪರೀಕ್ಷೆ ಇಲ್ಲಿದೆ, ಇವತ್ತು ದೊಡ್ಡಕ್ಕನ ಮನೆಯಾದರೆ ನಾಳೆ ಯಾರ ಮನೆ ಎಂದಳು. ಇತಿಹಾಸ, ರಸಾಯನ ಮತ್ತು ಉಳಿದ ಮಕ್ಕಳು, ನಾವಿಷ್ಟು ಜನ ಇದ್ದೀವಲ್ಲ, ಒಬ್ಬ ಮನುಷ್ಯ ಏನು ಮಾಡ್ತಾನೆ ಎಂದರು. ಅಕ್ಕ ಅವರಿಂದ ಒಂದು ಮಾತು ತೆಗೆದುಕೊಂಡಳು. ಸಿಟ್ಟಿನ ಗಿರಾಕಿಯ ಮುಂದೆ ಹೇಗೋ ಹಾಗೆ ಇರಬೇಕು. ದನಿ ಏರಿಸಬಾರದು. ಯಾರೂ ಕೈ ಎತ್ತಬಾರದು.

ಶನಿವಾರ ಗಣಿತಳ ಅಣ್ಣ ಬಂದದ್ದು ಹೇಳಿದ ಹೊತ್ತಿಗೆ ಸರಿಯಾಗಿ. ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಒಳಗೆ ಬಂದ. ಹಿಂದೆ ಚಿಕ್ಕಮ್ಮ, ಅವಳ ಮುಖದಲ್ಲಿ ಹಬ್ಬದ ಕಳೆ. ಅಣ್ಣ ಬಂದಿದ್ದಾನೆ ಕಣೇ, ಎಲ್ಲ ಮರೆತಿದ್ದಾನೆ, ದಾರಿ ತುಂಬ ಅತ್ತ ಎಂದಳು. ಅವನು ಅಕ್ಕನಿಗೆ ಕೈ ಮುಗಿದು, ಅಮ್ಮಾ, ನಮ್ಮ ಹುಡುಗಿಗೆ ಅನ್ನ ಹಾಕಿದ್ದೀರಿ ಎಂದ. ಮುಂದಿನ ಕುರ್ಚಿಯಲ್ಲಿ ಕೂತು, ಶುರು ಮಾಡಿ, ಏನು ಕಲಿತಿದ್ದಾಳೆ ನೋಡೋಣ ಎಂದ.

ಗಣಿತ ಒಲೆ ಹಚ್ಚಿದಳು. ಅವಳ ಕೈ ಎಂದಿನಂತೆ ಅಲುಗಲಿಲ್ಲ. ಬಾಣಲೆ ಕಾಯತೊಡಗಿತು. ಒಂದು ಕ್ಷಣ ಅಕ್ಕನಿಗೇ ಅನಿಸಿತು, ಇವನು ನಿಜಕ್ಕೂ ಮರೆತಿರಬಹುದು ಎಂದು. ಅವನು ಎದ್ದು ಬಂದು, ಮೇಜಿನ ಮೇಲೆ ಮಾದರಿಗೆಂದು ಇಟ್ಟಿದ್ದ ಇನ್ನೊಂದು ಬಾಣಲೆಯನ್ನು ಎತ್ತಿ ತೂಗಿ ನೋಡಿದ.

"ಭಾರ ಇದೆ."

ಪಕ್ಕದಲ್ಲಿದ್ದ ಇತಿಹಾಸನ ಬಾಯಿಂದ, ಯಾವ ಮನೆಯಲ್ಲಾದರೂ ಹೊರಡುವ ಮಾತೇ ತಾನಾಗಿ ಹೊರಟಿತು. "ಮೂರು ಪದರ ಸಾರ್. ಎತ್ತಿ ಹಾಕಿದ್ರೂ ಸೊಟ್ಟಗಾಗಲ್ಲ."

"ನೋಡೋಣ" ಎಂದು ಅವನು ಅದನ್ನು ಇತಿಹಾಸನ ಕಿವಿಯ ಮೇಲೆ ಬೀಸಿದ.

ಹುಡುಗ ಗೋಡೆಗೆ ಒರಗಿ, ಏನಾಯಿತೆಂದು ತಿಳಿಯದ ಮುಖದಲ್ಲೇ ಕುಸಿದ. ಕಿವಿಯಿಂದ ರಕ್ತ ಇಳಿಯಿತು. ಅಣ್ಣ ಆ ಕಡೆ ನೋಡಲೂ ಇಲ್ಲ. ಗಣಿತಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿ ಎಳೆದ. ಅವಳು ಮೇಜನ್ನು ಹಿಡಿದಳು, ಮೇಜು ಉರುಳಿತು. ಕುರ್ಚಿಯನ್ನು ಹಿಡಿದಳು, ಕುರ್ಚಿ ಜೊತೆಗೇ ಬಂತು. ಬಾಣಲೆಯ ಅಂಚಿನಿಂದ ಅವಳ ಮೊಣಕಾಲಿಗೆ ಹೊಡೆದ. ಕಾಲು ಮುರೀತೀನಿ ಅಂದಿದ್ದೆ ಅಲ್ವಾ ಎಂದ, ಕೂಗದೆ, ಲೆಕ್ಕ ಒಪ್ಪಿಸುವವನ ಹಾಗೆ. ಬಿಡೋ, ಅಳ್ತಾ ಬಂದ್ಯಲ್ಲೋ ಎಂದು ಚಿಕ್ಕಮ್ಮ ಅವನ ತೋಳಿಗೆ ನೇತುಬಿದ್ದಳು. ಅವನ ಮೊಣಕೈ ಅವಳ ಬಾಯಿಗೆ ಬಿತ್ತು. ಅವಳು ಹಲ್ಲನ್ನು ಅಂಗೈಗೆ ಉಗುಳಿಕೊಂಡು ನೆಲದ ಮೇಲೆ ಕೂತಳು. ಮಕ್ಕಳು ಮಾತು ಕೊಟ್ಟಂತೆ ನಿಂತೇ ಇದ್ದರು, ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು.

ಮೊದಲು ಎದ್ದವಳು ಅತ್ತೆ. ಬೆಳ್ಳುಳ್ಳಿಯ ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ನಡೆದು, ಮುಂಬಾಗಿಲಿಗೆ ಅಗುಳಿ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಇವಳು ಹೊರಗೆ ಹೋಗಲ್ಲ. ಬೇಕಾದ್ರೆ ನನ್ನ ಹೆಣ ದಾಟ್ಕೊಂಡು ಹೋಗು."

ಅವನು ಮುದುಕಿಯ ಹೊಟ್ಟೆಗೆ ಒದ್ದ. ಅವಳು ಮಡಚಿಕೊಂಡಳು, ಆದರೆ ಜಾಗ ಬಿಡಲಿಲ್ಲ. ಅಕ್ಕ ಆಗ ಒಲೆಯ ಮೇಲಿನ ಬಾಣಲೆ ಎತ್ತಿದಳು. ಎಣ್ಣೆಯಿಲ್ಲದೆ, ಮೊಟ್ಟೆಯಿಲ್ಲದೆ ಅಷ್ಟು ಹೊತ್ತೂ ಕಾದ ಬಾಣಲೆ. ಅದರ ತಳವನ್ನು, ಜಡೆ ಹಿಡಿದ ಅವನ ಮುಷ್ಟಿಗೆ ಒತ್ತಿ ಹಿಡಿದಳು. ಅವನು ಪ್ರಾಣಿಯ ಹಾಗೆ ಕಿರುಚಿದ. ಸುಟ್ಟ ಚರ್ಮದ ವಾಸನೆ ಕೋಣೆ ತುಂಬಿತು. ಅವನು ಕೈ ಕಿತ್ತುಕೊಂಡಾಗ ಜಡೆಯ ಬುಡದ ಕೂದಲು ಚರ್ಮದ ಸಮೇತ ಅವನ ಬೆರಳಿಗೆ ಅಂಟಿ ಬಂತು.

ಆ ಕಿರುಚಾಟ ಮಕ್ಕಳ ಒಳಗಿನ ಏನನ್ನೋ ಕಡಿದು ಹಾಕಿತು. ಮೊದಲು ರಸಾಯನ ಒಂದು ಗಾಜಿನ ಮುಚ್ಚಳವನ್ನು ಅವನ ಹಣೆಯ ಮೇಲೆ ಒಡೆದಳು. ಆಮೇಲೆ ಎಲ್ಲರೂ ಮುಗಿಬಿದ್ದರು. ಗೋಡೆಯ ಹಲಗೆಯ ಮೇಲೆ ಸಾಲಾಗಿ ಹೊಳೆಯುತ್ತಿದ್ದ ಬಾಣಲೆ, ಸಟ್ಟುಗ, ಕುಕ್ಕರು, ಮನೆ ಮನೆಗೆ ಹೊತ್ತುಕೊಂಡು ಹೋಗಿ ನಯವಾಗಿ ತೋರಿಸಿ ತರುತ್ತಿದ್ದ ಎಲ್ಲವೂ ಕೈಗೆ ಬಂದವು. ಕುದಿನೀರು ಎರಚಿದವಳಿಗೆ, ನಾಯಿ ಬಿಟ್ಟವನಿಗೆ, ಚಿಲಕ ಹಾಕಿದವನಿಗೆ, ಮುಖದ ಮೇಲೆ ಬಾಗಿಲು ಬಡಿದ ನೂರಾರು ಜನರಿಗೆ ಕೊಡದೆ ಉಳಿಸಿಕೊಂಡಿದ್ದ ಏಟುಗಳೆಲ್ಲ ಆ ಒಬ್ಬನ ಮೈಮೇಲೆ ಇಳಿದವು. ಅವನು ಬಾಗಿಲ ಕಡೆ ತೆವಳಿದ. ಅಗುಳಿ ಹಾಕಿತ್ತು. ಹೊರಗೆ ಬೀದಿಯವರು ಬಾಗಿಲು ಬಡಿಯುತ್ತಿದ್ದರು. ಒಳಗೆ ಬರಲು ಅವರಿಗೂ ದಾರಿಯಿರಲಿಲ್ಲ. ಅವನ ದವಡೆ ಒಂದು ಪಕ್ಕಕ್ಕೆ ಸರಿದುಹೋಯಿತು. ಆಮೇಲೆ ಅವನು ಕೈ ಅಡ್ಡ ತರುವುದನ್ನೂ ಬಿಟ್ಟ.

ಸಾಕು ಎಂದು ಅಕ್ಕ ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಕಾಲೆಳೆದುಕೊಂಡು ಬಂದ ಗಣಿತ, ಅಣ್ಣನ ತಲೆಯ ಪಕ್ಕ ಮಂಡಿಯೂರಿ ಕೂತಳು. ಅವನ ಕೈಯಿಂದ ಜಾರಿದ ಬಾಣಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕವೊಂದನ್ನು ಬಿಡಿಸುವಾಗ ಇರುವಷ್ಟೇ ಗಮನವಿತ್ತು. ಅವಳು ಬಾಣಲೆಯನ್ನು ತಲೆಯ ಮೇಲಕ್ಕೆ ಎತ್ತಿದಳು.

ಆ ಏಟು ಬಿದ್ದರೆ ಅವನು ಸಾಯುತ್ತಾನೆಂದು ಅಕ್ಕನಿಗೆ ತಿಳಿಯಿತು. ಅವನು ಸತ್ತರೆ ಈ ಹುಡುಗಿ ಯಾವ ಪರೀಕ್ಷೆಗೂ ಕೂರುವುದಿಲ್ಲ, ಅವನ ಉಗ್ರಾಣ ಬಿಟ್ಟು ಇನ್ನೊಂದು ಸರಳಿನ ಹಿಂದೆ ಹೋಗುತ್ತಾಳೆ. ಕಟ್ಟಿ ಎಳೆದುಕೊಂಡು ಹೋಗಲು ಬಂದವನು ಸತ್ತೇ ಎಳೆದುಕೊಂಡು ಹೋಗುತ್ತಾನೆ. ಯೋಚಿಸಲು ಅಷ್ಟೂ ಹೊತ್ತಿರಲಿಲ್ಲ. ದೇವರೇ ಎಂದು ಕಣ್ಣು ಮುಚ್ಚಿ ಅವಳು ಅವನ ಮೇಲೆ ಕವುಚಿ ಬಿದ್ದಳು. ಬಲಗೈಯನ್ನು ಅವನ ತಲೆಯ ಮೇಲೆ ಅಡ್ಡ ಇಟ್ಟಳು.

ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅದರ ಹಿಂದೆಯೇ, ನಿಲ್ಲಿಸಲಾಗದೆ ಬೀಸಿದ ಇನ್ನೊಂದಿಷ್ಟು ಏಟು ಅವಳ ಬೆನ್ನಿಗೆ, ಪಕ್ಕೆಗೆ ಬಿದ್ದವು. ಆಮೇಲೆ ಒಬ್ಬೊಬ್ಬರದೇ ಕೈ ನಿಂತಿತು. ಅಡಿಯಲ್ಲಿ ಅವನು ಬಾಯಲ್ಲಿ ರಕ್ತ ತುಂಬಿಕೊಂಡು ಗೊರಗೊರ ಉಸಿರಾಡುತ್ತಿದ್ದ. ಅವನ ಬಿಸಿಯುಸಿರು ತನ್ನ ಕತ್ತಿಗೆ ತಾಗುತ್ತಿರುವುದೇ ಆಗ ಅಕ್ಕನಿಗೆ ಜಗತ್ತಿನ ದೊಡ್ಡ ಸುದ್ದಿಯಾಗಿತ್ತು.

"ಅಗುಳಿ ತೆಗಿ ಅತ್ತೆ" ಎಂದಳು.

ಈ ಸಲ ಪೊಲೀಸರು ಬರೆದುಕೊಂಡರು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಮೊದಲು ಹೊಡೆದ, ನಾನು ಅವನ ಕೈ ಸುಟ್ಟೆ, ಮಕ್ಕಳು ಹೊಡೆದರು, ಮನೆ ನನ್ನದು, ಅವನನ್ನು ಕರೆಸಿದ ಹಾಗೆ ಆದದ್ದೂ ನನ್ನಿಂದಲೇ. ನಿಮ್ಮ ಕೈ ಮುರಿದವರು ಯಾರು ಎಂದದ್ದಕ್ಕೆ ಮಾತ್ರ, ಕಣ್ಣು ಮುಚ್ಚಿದ್ದೆ ಎಂದಳು. ಮುಚ್ಚಿದ್ದು ನಿಜ. ಮುಚ್ಚುವ ಮುಂಚೆ ನೋಡಿದ್ದೂ ನಿಜ. ಆ ಎರಡು ನಿಜಗಳ ನಡುವಿನ ಸಂದನ್ನು ಅವಳು ಪ್ರಾರ್ಥನೆಯಲ್ಲಿ ಹಲವು ಸಲ ದೇವರ ಮುಂದೆ ಇಟ್ಟಳು.

ಇತಿಹಾಸನಿಗೆ ಒಂದು ಕಿವಿ ಹೋಯಿತು. ಅರ್ಧಕ್ಕರ್ಧ ಮಕ್ಕಳನ್ನು ಅಪ್ಪ ಅಮ್ಮಂದಿರು ಬಂದು ಬಿಡಿಸಿಕೊಂಡು ಹೋದರು. ಬಾಣಲೆ ಮಾರೋ ಮನೇನಾ ಇದು, ಕಟುಕರ ಅಂಗಡೀನಾ ಎಂದು ಒಬ್ಬ ತಂದೆ ಕೇಳಿದ. ಮುಂದಿನ ವರ್ಷಗಳಲ್ಲೂ ಅಕ್ಕ ಜೆರಾಕ್ಸ್ ಅಂಗಡಿಯ ನೆರಳಲ್ಲಿ ನಿಂತಳು, ಮಕ್ಕಳನ್ನು ಸೇರಿಸಿಕೊಂಡಳು. ಆದರೆ ನಿನ್ನವರು ಯಾರಿದ್ದಾರೆ ಎಂದು ಮತ್ತೆ ಯಾರನ್ನೂ ಕೇಳಲಿಲ್ಲ. ಯಾರ ಮನೆಗೆ ಹೋಗಬಾರದು ಎಂದು ಮೊದಲು ಕೇಳಿ, ಉತ್ತರ ಬರುವ ತನಕ ಕಾಯುತ್ತಿದ್ದಳು. ಕೆಲವರು ಆ ಉತ್ತರಕ್ಕೆ ಒಂದು ಮಧ್ಯಾಹ್ನ ಪೂರ್ತಿ ತೆಗೆದುಕೊಳ್ಳುತ್ತಿದ್ದರು.

ಅದು ಆಮೇಲಿನ ಮಾತು. ಆಸ್ಪತ್ರೆಯಲ್ಲಿದ್ದ ಆ ವಾರ, ಒಂದು ಬೆಳಿಗ್ಗೆ, ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು ಹೆಂಗಸರ ವಾರ್ಡಿಗೆ ಬಂದಳು. ಅಕ್ಕನ ಮಂಚದ ಪಕ್ಕ ಕೂತು, ಪಟ್ಟಿ ಸುತ್ತಿದ ಕಾಲನ್ನು ನೀಡಿ, ಅವಳಿಗೆ ಗಂಜಿ ಕುಡಿಸುತ್ತಿದ್ದ ಗಣಿತಳನ್ನು ನೋಡಿ ನಿಂತಳು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೂಗು, ಗದ್ದ, ನಿಲ್ಲುವ ರೀತಿ ಒಂದೇ.

ತಾಯಿ ಬಯ್ಯಲಿಲ್ಲ. ಅಕ್ಕನಿಗೆ ಕೈ ಮುಗಿದು, ನನ್ನ ಮಗನನ್ನು ಉಳಿಸಿದಿರಿ ಎಂದಳು. ಆಮೇಲೆ ಮಗಳ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಅವನ ದವಡೆಗೆ ತಂತಿ ಕಟ್ಟಿದ್ದಾರೆ. ಕೊಳವೆಯಲ್ಲಿ ಹಾಲು ಕುಡಿಸಬೇಕು. ಬಲಗೈ ಬೆರಳು ಇನ್ನು ಮಡಚುವುದಿಲ್ಲ. ಅಂಗಡಿಗೆ ಬೀಗ ಬಿದ್ದಿದೆ. ಪಾಲುದಾರ ಕೈ ತೊಳೆದುಕೊಂಡು ಹೋದ, ಮದುವೆಯ ಮಾತು ಇನ್ನು ಏಳುವುದಿಲ್ಲ. ನನ್ನೊಬ್ಬಳಿಂದ ಅವನನ್ನು ಎತ್ತಿ ಕೂರಿಸಲು ಆಗುವುದಿಲ್ಲ. ಅವನೂ ಈಗ ಹಸುಗೂಸಿನ ಹಾಗಾಗಿದ್ದಾನೆ.

"ಬಾ ಮಗಳೇ ಮನೆಗೆ. ಎಷ್ಟಾದ್ರೂ ನಿನ್ನ ಅಣ್ಣ."

ಗಣಿತಳ ಕೈಯಲ್ಲಿದ್ದ ಚಮಚ ಬಟ್ಟಲಿಗೆ ತಾಗಿ ಟಕಟಕ ಎಂದಿತು. ಒಲೆಯ ಮುಂದೆ ಅಲುಗದ ಕೈ ಅದು. ಅಕ್ಕ ಅದನ್ನು ನೋಡಿದಳು. ಜಡೆ ಹಿಡಿದು ಎಳೆದಾಗ ಮೇಜು ಕುರ್ಚಿಗೆ ಕಚ್ಚಿಕೊಂಡ ಹುಡುಗಿ ಈಗ ಎದ್ದು ಹೋಗಿಬಿಡುತ್ತಾಳೆ ಎನಿಸಿತು. ಬೇಡ ಎನ್ನಲು ಬಾಯಿ ತೆರೆದಳು, ಮುಚ್ಚಿದಳು. ಹಿಂದೊಮ್ಮೆ ಈ ಹುಡುಗಿಯ ಪರವಾಗಿ ತಾನೇ ತೀರ್ಮಾನ ಮಾಡಿ ಆಗಿತ್ತು. ಕಣ್ಣು ಮುಚ್ಚಿ, ಒಳಗೊಳಗೇ ದೇವರ ಹೆಸರು ಹಿಡಿದು, ಕೇಳುತ್ತ ಮಲಗಿದಳು.

"ಬರಲ್ಲ ಅಮ್ಮ" ಎಂದಳು ಗಣಿತ. "ಅವನಿಗೆ ವಾಸಿಯಾಗುತ್ತೆ. ಆದ್ಮೇಲೆ ಎಡಗೈಲಿ ಹೊಡೀತಾನೆ. ನಾನೂ ಈಗ ಸುಮ್ಮನೆ ಹೊಡೆಸ್ಕೊಳ್ಳೋಳಲ್ಲ. ಅವತ್ತು ಬಾಣಲೆ ಎತ್ತಿದಾಗ ನಂಗೆ ಏನೂ ಅನ್ನಿಸಲಿಲ್ಲ ಅಮ್ಮ, ಒಂದು ಚೂರೂ. ಆ ಮನೇಲಿ ನಾವಿಬ್ಬರೂ ಇದ್ರೆ ಒಬ್ಬರು ಉಳಿಯಲ್ಲ. ನಡುವೆ ಬಂದು ಬೀಳೋಕೆ ಅಲ್ಲಿ ಯಾರಿದ್ದಾರೆ?"

ವಾರ್ಡಿನ ಆಯಾ ನೆಲ ಒರೆಸುತ್ತ ಬಂದು, ಕಾಲು ಎತ್ತಿ ಎಂದಾಗ ತಾಯಿ ಮಗಳು ಇಬ್ಬರೂ ಕಾಲು ಎತ್ತಿದರು. ನೆಲ ಆರಿದ ಮೇಲೆ ತಾಯಿ ಚೀಲದಿಂದ ಬಾಚಣಿಗೆ ತೆಗೆದಳು. ಮಗಳನ್ನು ತಿರುಗಿ ಕೂರಲು ಹೇಳಿದಳು. ಕಿತ್ತುಹೋಗಿ ಹಕ್ಕಳೆ ಕಟ್ಟಿದ ಜಾಗಕ್ಕೆ ಹಲ್ಲು ತಾಗದ ಹಾಗೆ, ಸುತ್ತಲಿನ ಕೂದಲನ್ನು ಒಂದೊಂದೇ ಎಳೆ ಬಿಡಿಸಿ ಬಾಚಿದಳು. ಸಡಿಲವಾಗಿ ಹೆಣೆದು, ತುದಿಗೆ ತನ್ನ ಜಡೆಯ ರಬ್ಬರನ್ನೇ ಬಿಚ್ಚಿ ಹಾಕಿದಳು. ಪರೀಕ್ಷೆ ಯಾವಾಗ ಎಂದು ಕೇಳಿದಳು. ಮುಂದಿನ ತಿಂಗಳು ಎಂದಳು ಮಗಳು.

ತಾಯಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು, ಬಿಚ್ಚಿದ ಕೂದಲನ್ನು ಕೈಯಲ್ಲೇ ಗಂಟು ಹಾಕಿಕೊಳ್ಳುತ್ತ, ಗಂಡಸರ ವಾರ್ಡಿನ ಕಡೆಗೆ ನಡೆದಳು. ಅವನಿಗೆ ಹಾಲು ಕುಡಿಸುವ ಹೊತ್ತಾಗಿತ್ತು.